ಕರಿಯನ ಮನೆಗೆ ಬಂದ ಮರಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ರವಿ,

ಮಿಕ್ಕಿದ್ದನ್ನು ಆಮೇಲೆ ಓದುವೆಯಂತೆ. ಮೊದಲು ಎದ್ದು ಹೋಗಿ ನೀನು ತಂದ ಆ ಬೆಕ್ಕಿನ ಮರಿಯನ್ನು ಒಂದು ರೂಮಿನೊಳಗೆ ಬಿಟ್ಟು ಬಾಗಿಲು ಹಾಕಿ ಬಾ. ಒಳಗೆ ನೀರು, ಊಟ, ಒಂದು ಮರಳಿನ ಟ್ರೇ, ಅಡಗಿ ಕೂರಲು ಒಂದು ರಟ್ಟಿನ ಡಬ್ಬ ಇದ್ದರೆ ಸಾಕು. ಊಟದ ತಟ್ಟೆ ಒಂದು ಮೂಲೆಗೆ, ಟ್ರೇ ಇನ್ನೊಂದು ಮೂಲೆಗೆ. ಕಕ್ಕಸಿನ ಪಕ್ಕ ಕೂತು ಊಟ ಮಾಡು ಅಂದರೆ ನಿನಗೂ ಆಗಲ್ಲ ಅಲ್ವಾ?

ಬಂದೆಯಾ? ಈಗ ಮಾತಾಡೋಣ.

ನಿಮ್ಮನೆಯ ಹಳೇ ಬೆಕ್ಕು ಕರಿಯ ನಿನ್ನೆಯಿಂದ ಮಂಚದ ಕೆಳಗೇ ಇದ್ದಾನೆ, ಮರಿ ಹತ್ತಿರ ಹೋದರೆ ಬುಸ್ ಅಂತಾನೆ, ಇಷ್ಟು ಕೆಟ್ಟವನು ಅಂತ ಗೊತ್ತಿರಲಿಲ್ಲ ಅಂತ ಬರೆದಿದ್ದೀಯ. ಅವನು ಏನಾದರೂ ತಿಂದನಾ ಅನ್ನುವುದನ್ನು ಮಾತ್ರ ಬರೆದಿಲ್ಲ. ನನಗೆ ಚಿಂತೆ ಅದೇ. ಬೆಕ್ಕಿನ ಉಪವಾಸವನ್ನು ಮುನಿಸು ಅಂತ ಬಿಡಬೇಡ. ಒಂದೆರಡು ದಿನ ಏನೂ ತಿನ್ನದೆ ಇದ್ದರೆ ಮೈಯ ಕೊಬ್ಬೆಲ್ಲ ಕರಗಿ ಯಕೃತ್ತಿನಲ್ಲಿ ಸೇರಿಕೊಳ್ಳಲು ಶುರುವಾಗುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಜಾಸ್ತಿ, ನಿನ್ನ ಕರಿಯ ತೆಳ್ಳಗೇನೂ ಇಲ್ಲ. ಒಂದು ಇಡೀ ದಿನ ತಟ್ಟೆ ಮುಟ್ಟಿಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡು. ಇನ್ನೊಂದು ವಿಷಯ. ಗಂಡು ಬೆಕ್ಕುಗಳಿಗೆ ಇಂಥ ಹೊತ್ತಿನಲ್ಲಿ ಮೂತ್ರ ಕಟ್ಟಿಕೊಳ್ಳುವುದುಂಟು. ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿ, ಹನಿಯೂ ಬಾರದೆ ವಾಪಸ್ ಬರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡ. ಆ ರಾತ್ರಿಯೇ ಕರೆದುಕೊಂಡು ಹೋಗು.

ಈಗ ಕೆಟ್ಟವನು ಅನ್ನುವ ಮಾತಿಗೆ ಬರುತ್ತೇನೆ. ಕರಿಯನಿಗೆ ಜೊತೆ ಇರಲಿ ಅಂತ ತಂದೆ ಅಂತೀಯ. ಕರಿಯ ಕೇಳಿದ್ದನಾ? ಬೇಜಾರು ಮಾಡಿಕೊಳ್ಳಬೇಡ, ನಾನೂ ಇದನ್ನೇ ಹೇಳಿಕೊಂಡು ಮರಿ ಗುಂಡನನ್ನು ತಂದವನು. ನಮ್ಮನೆ ಬೆಕ್ಕು ಮುನ್ನಿಗೆ ಆಗ ಒಂಬತ್ತು ವರ್ಷ. ಒಬ್ಬಳೇ ಕೂತು ಕಿಟಕಿ ನೋಡುತ್ತಿದ್ದಳು. ಪಾಪ, ಒಂಟಿತನ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಅವಳು ಹಕ್ಕಿ ನೋಡುತ್ತಿದ್ದಳು ಅಷ್ಟೇ. ನಾಯಿಯ ಹಿಂಡಿನ ಲೆಕ್ಕವನ್ನು ನಾವು ಬೆಕ್ಕಿಗೂ ಹಾಕುತ್ತೇವೆ. ಸಾಕುಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ. ಬೆಕ್ಕುಗಳು ಗುಂಪಾಗಿ ಇರುವುದೇ ಇಲ್ಲ ಅಂತಲ್ಲ. ಆದರೆ ಆ ಗುಂಪು ಹೆಚ್ಚಾಗಿ ತಾಯಿ, ಮಗಳು, ಅಕ್ಕ ತಂಗಿಯರದು. ಎಲ್ಲಿಂದಲೋ ಬಂದ ಮರಿ ಕರಿಯನಿಗೆ ತಮ್ಮನಲ್ಲ, ಬಾಗಿಲು ಒಡೆದು ಒಳಗೆ ನುಗ್ಗಿದವನು.

ನಾನು ಮಾಡಿದ ಎಡವಟ್ಟನ್ನು ಕೇಳು. ಗುಂಡನಿದ್ದ ಬುಟ್ಟಿಯನ್ನು ಹಾಲ್ ಮಧ್ಯೆ, ಮುನ್ನಿಯ ಮೂಗಿನ ಮುಂದೆ ಇಟ್ಟು ಮುಚ್ಚಳ ತೆಗೆದೆ. 'ನೋಡು ಯಾರು ಬಂದಿದ್ದಾರೆ' ಅಂತ ರಾಗ ಬೇರೆ. ಮುನ್ನಿಯ ಬಾಲ ಬಾಟಲಿ ತೊಳೆಯುವ ಬ್ರಷ್ ಹಾಗೆ ಉಬ್ಬಿತು. ಸಮಾಧಾನ ಮಾಡೋಣ ಅಂತ ಎತ್ತಿಕೊಂಡೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಉಗುರು ತೋರಿಸದವಳು ನನ್ನ ಮೊಣಕೈವರೆಗೂ ಗೀರಿದಳು. ಕೋಪ ನನ್ನ ಮೇಲಲ್ಲ. ಸಿಟ್ಟು ನೆತ್ತಿಗೇರಿದಾಗ ಕೈಗೆ ಸಿಕ್ಕಿದವರ ಮೇಲೆ ತಿರುಗುವುದು ಬೆಕ್ಕಿನ ಗುಣ. ಆ ಹೊತ್ತಲ್ಲಿ ಎತ್ತಿಕೊಂಡದ್ದು ನನ್ನ ತಪ್ಪು. ನಿನಗೂ ಕಚ್ಚಿದರೆ, ಪರಚಿದರೆ, ಮನೆ ಬೆಕ್ಕು ತಾನೇ ಅಂತ ಬಿಡಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸು.

ಆಮೇಲೆ ಎಲ್ಲ ಮೊದಲಿಂದ ಶುರು ಮಾಡಬೇಕಾಯಿತು. ಗುಂಡನನ್ನು ಒಳಗಿನ ರೂಮಿಗೆ ಹಾಕಿ, ಅವನು ಬಂದೇ ಇಲ್ಲ ಅನ್ನುವ ಹಾಗೆ ಇದ್ದೆವು. ಆ ಬೇರೆ ಇಡುವ ದಿನಗಳು ಜಗಳ ತಪ್ಪಿಸಲು ಮಾತ್ರ ಅಲ್ಲ, ರೋಗಕ್ಕೂ ಬೇಕು. ಎರಡು ವಾರವಾದರೂ ಇರಲಿ. ಮರಿಯ ಮೈಯಲ್ಲಿ ಚಿಗಟ, ಹೊಟ್ಟೆಯಲ್ಲಿ ಜಂತುಹುಳ ಇರುವುದು ಮಾಮೂಲು. ಸೀನು, ಕಣ್ಣಲ್ಲಿ ನೀರು ಇದ್ದರೆ ಫ್ಲೂ ಇರಬಹುದು. ಬೆಕ್ಕಿನ ಲ್ಯುಕೇಮಿಯಾ ವೈರಸ್ ಮತ್ತು ಎಫ್‌ಐವಿಗೆ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್) ರಕ್ತ ಪರೀಕ್ಷೆ ಮಾಡಿಸು. ಎಲ್ಲಕ್ಕಿಂತ ಕೆಟ್ಟದ್ದು ಪ್ಯಾನ್‌ಲ್ಯುಕೋಪೇನಿಯಾ, ಅಂದರೆ ಬಿಳಿ ರಕ್ತಕಣಗಳನ್ನು ಕುಗ್ಗಿಸಿ ವಾಂತಿ ಭೇದಿ ತರುವ ರೋಗ. ಅದರ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮರಿಗೆ 6–8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಕರಿಯನ ಲಸಿಕೆ ಚೀಟಿಯನ್ನೂ ಹುಡುಕಿ ತೆಗೆ. ಯಾವಾಗ ಹಾಕಿಸಿದ್ದೆ ಅಂತ ನಿನಗೆ ನೆನಪಿರುವುದಿಲ್ಲ, ನನಗೆ ಗೊತ್ತು. ಮರಿಯನ್ನು ಮುಟ್ಟಿ ಬಂದಮೇಲೆ ಕೈ ತೊಳೆದು ಅವನನ್ನು ಮುಟ್ಟು. ನೆಲ ಒರೆಸಲು ಫಿನಾಯಿಲ್ ಬೇಡ, ಬೆಕ್ಕಿಗೆ ಅದು ವಿಷ. ನಾಯಿಗೆ ಹಾಕುವ ಚಿಗಟದ ಔಷಧಿಯಂತೂ ಹತ್ತಿರ ತರಬೇಡ. ಅದರಲ್ಲಿ ಪರ್ಮೆತ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ಸತ್ತೇ ಹೋಗಬಹುದು.

ಇನ್ನು ಪರಿಚಯ. ನಾವು ಮುಖ ನೋಡಿ ಪರಿಚಯ ಮಾಡಿಕೊಳ್ಳುತ್ತೇವೆ, ಅವು ಮೂಗಿನಿಂದ. ಬೆಕ್ಕು ಕೆನ್ನೆಯನ್ನು ನಿನ್ನ ಕಾಲಿಗೆ, ಕುರ್ಚಿಗೆ, ಬಾಗಿಲ ಅಂಚಿಗೆ ಉಜ್ಜುತ್ತದಲ್ಲ, ಅದು ಬರೀ ಮುದ್ದಲ್ಲ. ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. 'ಇದು ನಮ್ಮದು' ಅಂತ ಸಹಿ ಹಾಕುವ ಹಾಗೆ. ಮರಿಯ ಮೇಲೆ ಆ ಸಹಿ ಇಲ್ಲ. ಅದಕ್ಕೇ ಈ ಗಲಾಟೆ.

ಒಂದು ಕಾಲುಚೀಲ ತೆಗೆದುಕೋ. ಒಗೆದದ್ದು, ದಯವಿಟ್ಟು. ಮರಿ ನಿದ್ದೆಗಣ್ಣಲ್ಲಿ ಇರುವಾಗ ಅದರ ಕೆನ್ನೆಗೆ ಮೆಲ್ಲಗೆ ಉಜ್ಜಿ, ಕರಿಯ ಓಡಾಡುವ ದಾರಿಯಲ್ಲಿ ಬಿಡು. ಅವನ ಹಾಸಿಗೆ ಮೇಲೆ, ತಟ್ಟೆ ಪಕ್ಕ ಬೇಡ. ಅವನ ಮೂಗಿಗೆ ಹಿಡಿಯಲೂ ಬೇಡ. ಅವನಾಗಿ ಬಂದು ಮೂಸಲಿ, ಮೂಸಿದರೆ ಅವನಿಗೆ ಇಷ್ಟವಾದ ತಿಂಡಿ ಒಂದು ಚೂರು ಹಾಕು. ಮುನ್ನಿ ಎರಡು ದಿನ ಕಾಲುಚೀಲಕ್ಕೇ ಬುಸ್ ಅಂದಳು. ಮೂರನೇ ದಿನ ಮೂಸಿ, ಬಾಯಿ ಅರ್ಧ ತೆರೆದು, ಕೊಳೆತದ್ದೇನೋ ಕಂಡವಳ ಹಾಗೆ ಮುಖ ಸೊಟ್ಟ ಮಾಡಿ ನಿಂತಳು. ಅಸಹ್ಯ ಅಂದುಕೊಂಡೆ. ಅಲ್ಲವಂತೆ, ಬೆಕ್ಕಿನ ಅಂಗುಳಲ್ಲಿ ವಾಸನೆ ಓದುವ ಇನ್ನೊಂದು ಅಂಗವಿದೆ, ಅದಕ್ಕೆ ಗಾಳಿ ಎಳೆದುಕೊಳ್ಳುವ ಭಂಗಿ ಅದು. ಐದನೇ ದಿನ ಅದರ ಮೇಲೇ ಮಲಗಿದ್ದಳು! ಆವತ್ತು ನನಗೆ ಆದ ಖುಷಿ ಹೇಳಿದರೆ ಜನ ನಗುತ್ತಾರೆ. ಆಮೇಲೆ ದಿನಕ್ಕೊಂದು ಹೊತ್ತು ಅದಲುಬದಲು ಮಾಡಿದೆ. ಗುಂಡ ಹಾಲಿನಲ್ಲಿ, ಮುನ್ನಿ ಅವನ ರೂಮಿನಲ್ಲಿ. ಒಬ್ಬರಿಗೊಬ್ಬರು ಕಾಣಿಸಲೇ ಇಲ್ಲ, ಆದರೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಪೂರ್ತಿ ಗೊತ್ತಿತ್ತು.

ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ ಹಾಕು. ಮೊದಲು ತಟ್ಟೆ ದೂರ, ದಿನದಿನಕ್ಕೆ ಹತ್ತಿರ. ಕರಿಯ ತಲೆ ಎತ್ತದೆ ತಿಂದರೆ ಒಂದು ಗೇಣು ಮುಂದೆ. ತಿನ್ನುವುದು ಬಿಟ್ಟು ಬಾಗಿಲನ್ನೇ ನೋಡಿದರೆ ಎರಡು ಗೇಣು ಹಿಂದೆ. ಇದಕ್ಕೆ ಕ್ಯಾಲೆಂಡರ್ ಇಲ್ಲ. ನಮ್ಮನೆಯಲ್ಲಿ ಕಾಲುಚೀಲದಿಂದ ಒಟ್ಟಿಗೆ ಬಿಡುವವರೆಗೆ ಏಳು ವಾರ ಹಿಡಿಯಿತು, ಅದರಲ್ಲಿ ಮೂರು ವಾರ ನಾನು ಮೊದಲ ದಿನ ಮಾಡಿದ ಎಡವಟ್ಟಿನ ದಂಡ ಅಂತ ನನ್ನ ಲೆಕ್ಕ. ಆಮೇಲೆ ಬಾಗಿಲಿಗೆ ಜಾಲರಿ ಕಟ್ಟಿ ಮುಖ ತೋರಿಸಬಹುದು. ಅದೂ ಊಟದ ಹೊತ್ತಿಗೇ.

ಎದುರುಬದುರು ಬಿಡುವ ದಿನ ಮೊದಲು ಮರಿಯನ್ನು ಕೋಲಿಗೆ ಗರಿ ಕಟ್ಟಿ ಆಡಿಸಿ ಸುಸ್ತು ಮಾಡು, ಹೊಟ್ಟೆ ತುಂಬಿಸು, ಉಗುರಿನ ತುದಿ ಕತ್ತರಿಸು. ಐದು ನಿಮಿಷ ಸಾಕು. ಚೆನ್ನಾಗಿ ನಡೆಯುತ್ತಿದೆ ಅನ್ನಿಸಿದಾಗಲೇ ಮುಗಿಸಿಬಿಡು. ಇನ್ನೂ ಸ್ವಲ್ಪ ನೋಡೋಣ ಅನ್ನುವ ಆಸೆಯಲ್ಲೇ ಕೆಡುತ್ತದೆ. ಕರಿಯನಿಗೆ ಹತ್ತಿ ಕೂರಲು ಎತ್ತರದ ಜಾಗ ಇರಲಿ, ಮರಿಗೆ ಎಟುಕದ್ದು.

ಬುಸ್ ಅಂದರೆ ಗದರಬೇಡ. 'ಅಲ್ಲೇ ಇರು' ಅಂತ ಹೇಳುವುದು ಬುಸ್. ಉಗುರು ಮಡಚಿ ತಲೆಗೆ ಒಂದು ಕೊಟ್ಟರೂ ಸುಮ್ನಿರು. ತಾಯಿಯನ್ನು ಬೇಗ ಬಿಟ್ಟು ಬಂದ ಮರಿಗೆ ಎಷ್ಟು ಜೋರಾಗಿ ಕಚ್ಚಬಾರದು ಅಂತಲೂ ಗೊತ್ತಿರುವುದಿಲ್ಲ, ಹಿರಿಯರೇ ಕಲಿಸಬೇಕು. ನನಗೆ ಹೆದರಿಕೆ ಆಗುವುದು ಸದ್ದಿಲ್ಲದಾಗ. ಮೈ ಬಿಗಿಹಿಡಿದು, ಕಿವಿ ಚಪ್ಪಟೆ ಮಾಡಿ, ರೆಪ್ಪೆ ಬಡಿಯದೆ ದಿಟ್ಟಿಸುವುದು. ಅಥವಾ ಟ್ರೇಗೆ ಹೋಗುವ ದಾರಿಗೆ ಅಡ್ಡ ಮಲಗುವುದು. ನೋಡುವವರಿಗೆ ಆರಾಮಾಗಿ ಮಲಗಿದ ಹಾಗೆ ಕಾಣುತ್ತದೆ, ಅದು ನಾಕಾಬಂದಿ. ನಿಜವಾಗಿ ಉರುಳಾಡಿ ಜಗಳಕ್ಕೆ ಬಿದ್ದರೆ ಮಧ್ಯೆ ಕೈ ಹಾಕಬೇಡ. ಒಂದು ದೊಡ್ಡ ರಟ್ಟು ಅಥವಾ ದಿಂಬು ತೂರಿಸು, ಬಾಗಿಲು ಹಾಕು, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಕಾಲುಚೀಲ.

ಟ್ರೇ ಲೆಕ್ಕ ಗೊತ್ತಲ್ಲ, ಬೆಕ್ಕಿಗೊಂದು, ಮೇಲೊಂದು. ನಿನಗೆ ಮೂರು ಬೇಕು, ಮೂರು ಜಾಗದಲ್ಲಿ. ಪಕ್ಕಪಕ್ಕ ಇಟ್ಟರೆ ಅವುಗಳ ಲೆಕ್ಕದಲ್ಲಿ ಅದು ಒಂದೇ. ಮರಿಗೆ ಒಂದು ವರ್ಷದವರೆಗೆ ಮರಿಯ ಊಟ, ಕರಿಯನಿಗೆ ಅವನದು. ಇಬ್ಬರ ತಟ್ಟೆ ಒಂದೇ ಕಡೆ ಇಟ್ಟರೆ ಅವನು ಇನ್ನೂ ಉರುಟಾಗುತ್ತಾನೆ. ಐದು ತಿಂಗಳಿಗೆಲ್ಲ ಮರಿಗೆ ಸಂತಾನಹರಣದ ಆಪರೇಷನ್ ಮಾಡಿಸಿಬಿಡು. ತಡ ಮಾಡಿ, ಅದು ಗಂಡಾಗಿದ್ದರೆ, ಗೋಡೆಗೆಲ್ಲ ಮೂತ್ರ ಸಿಂಪಡಿಸುತ್ತದೆ.

ಮತ್ತೆ ಒಂದು ಮಾತು. ಮರಿ ಮುದ್ದು, ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ನೀನು ಕರಿಯನಿಗೆ ಮೊದಲು ಊಟ ಹಾಕು, ಮೊದಲು ಮಾತಾಡಿಸು. ರಾತ್ರಿ ನಿನ್ನ ಕಾಲ ಬಳಿಯ ಜಾಗ ಅವನದೇ ಇರಲಿ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತಾರಲ್ಲ, ನಮ್ಮನೆಯಲ್ಲಿ ಇಲಿಯ ಪಾಲು ಮುನ್ನಿಯದಾಗಿತ್ತು. ಗುಂಡನಿಗೆ ದಿನಕ್ಕೆ ಮೂರು ಸಲ ಆಟ ಆಡಿಸಲು ಶುರು ಮಾಡಿದ ಮೇಲೆಯೇ ಅವಳ ಬಾಲಕ್ಕೆ ಬಿಡುವು ಸಿಕ್ಕಿದ್ದು. ವಯಸ್ಸಾದ ಬೆಕ್ಕಿಗೆ ಕೀಲುನೋವು ಇರುತ್ತದೆ, ಹೇಳಿಕೊಳ್ಳುವುದಿಲ್ಲ. ಹಿಂದಿನಿಂದ ಹಾರಿ ಬೀಳುವ ಮರಿ ಅದಕ್ಕೆ ಆಟ ಅಲ್ಲ.

ಒಬ್ಬರನ್ನೊಬ್ಬರು ತಬ್ಬಿಕೊಂಡು ಮಲಗುವ ಫೋಟೋ ನಿರೀಕ್ಷೆ ಮಾಡಬೇಡ. ನನ್ನ ಹತ್ತಿರವೂ ಅಂಥ ಫೋಟೋ ಇಲ್ಲ. ಮುನ್ನಿ ಗುಂಡನನ್ನು ನೆಕ್ಕಿದ್ದು ಒಂದೇ ಸಲ. ನಾನು ನೋಡಿದೆ ಅಂತ ಗೊತ್ತಾದ ಕೂಡಲೇ ಅವನ ಕಿವಿ ಕಚ್ಚಿದಳು.

ಈಗ ಇಬ್ಬರೂ ಸೋಫಾದ ಎರಡು ತುದಿಯಲ್ಲಿದ್ದಾರೆ. ಮಧ್ಯೆ ಒಂದು ದಿಂಬು. ಮುನ್ನಿಯ ಬಾಲದ ತುದಿ ಮಾತ್ರ ದಿಂಬು ದಾಟಿ ಈಚೆ ಬಂದಿದೆ, ಮೆಲ್ಲಗೆ ಅಲ್ಲಾಡುತ್ತಿದೆ. ಗುಂಡ ಹಿಂಭಾಗ ಎತ್ತಿ, ಅದರ ಮೇಲೆ ಕಣ್ಣು ನೆಟ್ಟು ಕೂತಿದ್ದಾನೆ.

ಗರಿ ಕೋಲು ಎಲ್ಲಿಟ್ಟೆನೋ. ಏಳುತ್ತೇನೆ.

ಕರಿಯ ತಿಂದನಾ ಅಂತ ಇವತ್ತೇ ಬರಿ.

ನಿನ್ನ ಗೆಳೆಯ