ನೈಜರ್–ನೈಜೀರಿಯಾ ಬಿರುಕಿನ ಬಗ್ಗೆ ಸಂಸತ್ತಿನಲ್ಲಿ ಮಾತಾಡಿ: ಬಳ್ಳಾರಿ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಪಶ್ಚಿಮ ಆಫ್ರಿಕಾದ ನೈಜೀರಿಯಾ ಮತ್ತು ನೈಜರ್ ದೇಶಗಳ ನಡುವೆ ಹದಗೆಟ್ಟಿರುವ ಭದ್ರತಾ ಸಹಕಾರದ ವಿಷಯವನ್ನು ತಾವು ಲೋಕಸಭೆಯಲ್ಲಿ ಎತ್ತಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಗಣಿಧೂಳು, ಕಾಲುವೆ ನೀರು, ಮೆಣಸಿನಕಾಯಿ ದರ ಇವುಗಳನ್ನು ಬಿಟ್ಟು ಈ ಮತದಾರ ಅಷ್ಟು ದೂರದ ಮಾತೇಕೆ ಆಡುತ್ತಾನೆ ಎಂದು ತಮಗೆ ಅನಿಸಬಹುದು. ತೋರಣಗಲ್ಲಿನ ಸುತ್ತಲ ಹಳ್ಳಿಗಳಲ್ಲಿ ಕ್ರೇನ್ ನಡೆಸುವ, ವೆಲ್ಡಿಂಗ್ ಮಾಡುವ, ವಿದ್ಯುತ್ ಗೋಪುರ ಏರುವ ಹುಡುಗರ ಮೊಬೈಲಿಗೆ ಹೊರದೇಶದ ಕೆಲಸದ ಕರೆಗಳು ಬರುತ್ತಲೇ ಇರುತ್ತವೆ. ನಮ್ಮ ಓಣಿಯ ಹುಡುಗನೊಬ್ಬ ತೋರಿಸಿದ ಕರೆಯಲ್ಲಿ ಸಂಬಳ, ಊಟ, ವಸತಿ, ವಿಮಾನದ ಟಿಕೆಟ್ ಎಲ್ಲವನ್ನೂ ಬರೆದಿದ್ದರು. ಕೆಲಸದ ಜಾಗಕ್ಕೆ ಮಾತ್ರ ‘ನೈಜರ್’ ಎಂದಷ್ಟೇ ಇತ್ತು. ಯಾವ ಪ್ರಾಂತ, ಗಡಿಯಿಂದ ಎಷ್ಟು ದೂರ, ಕಾವಲು ಯಾರದು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ.

2025ರ ಏಪ್ರಿಲ್‌ನಲ್ಲಿ ಆ ದೇಶದ ತಿಲ್ಲಾಬೆರಿ ಪ್ರಾಂತದಲ್ಲಿ ವಿದ್ಯುತ್ ಮಾರ್ಗದ ಕೆಲಸಕ್ಕೆ ಹೋಗಿದ್ದ ಜಾರ್ಖಂಡಿನ ಐವರು ಕಾರ್ಮಿಕರನ್ನು ಬಂದೂಕುಧಾರಿಗಳು ಅಪಹರಿಸಿದರು. ಅದೇ ವರ್ಷದ ಜುಲೈ 15ರಂದು ನೈಜೀರಿಯಾ ಗಡಿಗೆ ಹೊಂದಿದ ದೊಸ್ಸೊ ಪ್ರಾಂತದಲ್ಲಿ ನಡೆದ ದಾಳಿಯಲ್ಲಿ ಇಬ್ಬರು ಭಾರತೀಯರು ಪ್ರಾಣ ಕಳೆದುಕೊಂಡರು, ಇನ್ನೊಬ್ಬರ ಅಪಹರಣವಾಯಿತು. ಹೊಟ್ಟೆಪಾಡಿಗೆ ಹೋದವರು ಅವರು.

ಈ ಎರಡು ದೇಶಗಳು ಹಿಂದೆ ಹೀಗಿರಲಿಲ್ಲ. ಬೊಕೊ ಹರಾಮ್ ಬಂಡುಕೋರರನ್ನು ಎದುರಿಸಲು ಚಾಡ್, ಕ್ಯಾಮರೂನ್ ಸೇರಿದಂತೆ ನೆರೆಯ ದೇಶಗಳೊಂದಿಗೆ 2015ರಲ್ಲಿ ಜಂಟಿ ಪಡೆಗೆ ಮರುಜೀವ ಕೊಟ್ಟು, ಚಾಡ್ ಸರೋವರದ ಸುತ್ತ ಒಟ್ಟಾಗಿ ಹೋರಾಡಿದ್ದವು. 2023ರ ಜುಲೈ 26ರಂದು ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಎಲ್ಲವೂ ಕೆಟ್ಟಿತು. ನೈಜೀರಿಯಾದ ಮುಂದಾಳತ್ವದಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟವು ಗಡಿ ಮುಚ್ಚಿ ನಿರ್ಬಂಧ ಹೇರಿತು, ಸೇನಾ ಕಾರ್ಯಾಚರಣೆಯ ಬೆದರಿಕೆಯನ್ನೂ ಹಾಕಿತು. ನೈಜೀರಿಯಾ ನೆರೆಮನೆಗೆ ಕೊಡುತ್ತಿದ್ದ ವಿದ್ಯುತ್ತನ್ನೇ ಕಡಿತಗೊಳಿಸಿತು. 2024ರ ಫೆಬ್ರುವರಿಯಲ್ಲಿ ನಿರ್ಬಂಧಗಳನ್ನು ತೆಗೆದರೂ ಮನಸ್ಸುಗಳು ಕೂಡಲಿಲ್ಲ. ಆ ಆಗಸ್ಟ್‌ನಲ್ಲಿ ಎರಡೂ ದೇಶಗಳ ಸೇನಾ ಮುಖ್ಯಸ್ಥರು ನೈಜರ್‌ನ ರಾಜಧಾನಿ ನಿಯಾಮೆಯಲ್ಲಿ ಕುಳಿತು ಸಹಕಾರದ ಒಪ್ಪಂದ ಮಾಡಿಕೊಂಡರು. ವರ್ಷ ಮುಗಿಯುವ ಹೊತ್ತಿಗೆ ನೈಜರ್‌ನ ಸೇನಾಡಳಿತದ ಮುಖ್ಯಸ್ಥ ತಿಯಾನಿ, ನೈಜೀರಿಯಾ ಫ್ರಾನ್ಸ್ ಜೊತೆ ಸೇರಿ ತಮ್ಮ ದೇಶವನ್ನು ಅಸ್ಥಿರಗೊಳಿಸುತ್ತಿದೆ ಎಂದು ಆರೋಪಿಸಿದರು, ನೈಜೀರಿಯಾ ಅಲ್ಲಗಳೆಯಿತು. 2025ರ ಮಾರ್ಚ್‌ನಲ್ಲಿ ನೈಜರ್ ಜಂಟಿ ಪಡೆಯಿಂದಲೇ ಹೊರನಡೆಯಿತು.

ಇದರ ಲಾಭ ಯಾರಿಗೆ ಸಿಕ್ಕಿತು ಎಂಬುದನ್ನು ಊಹಿಸಬೇಕಿಲ್ಲ. ನೈಜೀರಿಯಾದ ಸೊಕೊಟೊ, ಕೆಬ್ಬಿ ರಾಜ್ಯಗಳಲ್ಲಿ ತಲೆಯೆತ್ತಿದ ಲಕುರಾವ ಎಂಬ ಉಗ್ರರ ಗುಂಪು, ನೈಜರ್‌ನ ಸೇನಾ ದಂಗೆಯ ನಂತರ ಗಡಿಯಲ್ಲಿ ಸಹಕಾರ ನಿಂತುಹೋದದ್ದನ್ನೇ ಬಳಸಿಕೊಂಡಿತು ಎಂದು ನೈಜೀರಿಯಾದ ಸೇನೆಯೇ 2024ರ ನವೆಂಬರ್‌ನಲ್ಲಿ ಹೇಳಿತ್ತು. ಒಂದು ದಡದಲ್ಲಿ ದಾಳಿ ಮಾಡಿದವನು ಇನ್ನೊಂದು ದಡಕ್ಕೆ ಹೋದರೆ, ಬೆನ್ನಟ್ಟುವ ಸೈನಿಕ ಅಲ್ಲೇ ನಿಲ್ಲಬೇಕು. ಆಚೆಯವನಿಗೆ ಸುದ್ದಿ ಮುಟ್ಟಿಸುವ ದಾರಿ ಮುಚ್ಚಿದ್ದರೆ ಅವನ ಕೆಲಸ ವ್ಯರ್ಥ.

ನಮ್ಮ ಭಾಗದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ತುಂಗಭದ್ರಾ ನೀರಿಗಾಗಿ ರಾಜ್ಯಗಳು ಎಷ್ಟೇ ಕಿತ್ತಾಡಿದರೂ 1953ರಿಂದ ತುಂಗಭದ್ರಾ ಮಂಡಳಿ ಉಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ತಕರಾರುಗಳನ್ನು ಬದಿಗಿಟ್ಟು ಎಲ್ಲ ಕಡೆಯ ಎಂಜಿನಿಯರುಗಳು ಅಣೆಕಟ್ಟಿನ ಮೇಲೆ ಸೇರಿದರು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಗೇಟು) ಇಳಿಸಿದರು. ಜಗಳ ನಡೆಯುತ್ತಿರುವಾಗಲೂ ಮುರಿಯಬಾರದ ವ್ಯವಸ್ಥೆಗಳಿರುತ್ತವೆ. ನೈಜೀರಿಯಾ ಮತ್ತು ನೈಜರ್ ನಡುವೆ ಗಡಿ ಗಸ್ತು ಮತ್ತು ಮಾಹಿತಿ ವಿನಿಮಯ ಅಂಥವು.

ಭಾರತಕ್ಕೆ ಎರಡೂ ಕಡೆ ಮಾತಾಡುವ ಮುಖವಿದೆ. ಕಡುನಾದ ನೈಜೀರಿಯಾ ರಕ್ಷಣಾ ಅಕಾಡೆಮಿಯನ್ನು 1960ರ ದಶಕದಲ್ಲಿ ಕಟ್ಟಿಕೊಟ್ಟವರು ನಮ್ಮ ಸೇನಾಧಿಕಾರಿಗಳು. ನಿಯಾಮೆಯಲ್ಲಿ ಮಹಾತ್ಮ ಗಾಂಧಿಯವರ ಹೆಸರಿನ ಸಮ್ಮೇಳನ ಕೇಂದ್ರ 2020ರಲ್ಲಿ ಭಾರತದ ನೆರವಿನಿಂದಲೇ ತೆರೆಯಿತು. ಯಾರ ಪಕ್ಷವನ್ನೂ ವಹಿಸದೆ, ರಾಜಕೀಯ ಮನಸ್ತಾಪವನ್ನು ಗಡಿ ಕಾವಲಿನಿಂದ ಬೇರೆಯಾಗಿಡಿ ಎಂದು ಹೇಳುವಷ್ಟು ನೈತಿಕ ಹಕ್ಕು ನಮಗಿದೆ. ವಿದೇಶಾಂಗ ಸಚಿವರು ಈ ದಿಸೆಯಲ್ಲಿ ಏನು ಮಾಡಿದ್ದಾರೆ ಎಂದು ತಾವು ಸದನದಲ್ಲಿ ಕೇಳಬೇಕು.

ಅದಕ್ಕಿಂತ ತುರ್ತಾದ ಕೆಲಸವೊಂದಿದೆ. ಹತ್ತನೇ ತರಗತಿ ಮುಗಿಸದ ಕಾರ್ಮಿಕರು ಹೋಗುವ ಮುನ್ನ ಸರ್ಕಾರದ ವಲಸೆ ಅನುಮತಿ ಪಡೆಯಬೇಕಾದ ದೇಶಗಳ ಪಟ್ಟಿಯಲ್ಲಿ ಸುಡಾನ್, ಲಿಬಿಯಾ ಇವೆ, ನೈಜರ್ ಇಲ್ಲ. ಹೀಗಾಗಿ ಅಲ್ಲಿಗೆ ಹೋಗುವವರ ಕರಾರುಪತ್ರವನ್ನು ಯಾವ ಅಧಿಕಾರಿಯೂ ನೋಡುವುದಿಲ್ಲ. ಆ ದೇಶವನ್ನು ಪಟ್ಟಿಗೆ ಸೇರಿಸುವಂತೆ, ಕೆಲಸದ ಸ್ಥಳ ಮತ್ತು ಕಾವಲಿನ ವ್ಯವಸ್ಥೆಯನ್ನು ಕರಾರಿನಲ್ಲೇ ಬರೆಯುವುದನ್ನು ಕಡ್ಡಾಯ ಮಾಡುವಂತೆ ಒತ್ತಾಯಿಸಿ. ರಾಯಭಾರ ಕಚೇರಿಯ ಎಚ್ಚರಿಕೆಗಳು ಕನ್ನಡದಲ್ಲಿ ಬಳ್ಳಾರಿಯ ಕಾರ್ಮಿಕ ಇಲಾಖೆಗೂ ಸಂಡೂರಿನ ಐಟಿಐಗೂ ತಲುಪುವಂತೆ ಮಾಡಿ. ನಮ್ಮ ಓಣಿಯ ಹುಡುಗ ಇನ್ನೂ ಹೊರಟಿಲ್ಲ, ಆದರೆ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಾನೆ.

ಇತಿ,
ತಮ್ಮ ಕ್ಷೇತ್ರದ ಮತದಾರ,
ಸಂಡೂರು ತಾಲ್ಲೂಕು