ಟೊಮ್ಯಾಟೊ, ನಮ್ಮ ಗಲ್ಲಿಗೆ ಹೋಗಿದ್ದೆ

ಲೋ ಟೊಮ್ಯಾಟೊ,

ಹೆಸರು ಹಾಕಿಲ್ಲ ನೋಡು, ನಿನ್ನ ಮರ್ಯಾದೆ ಉಳಿಸಿದ್ದೇನೆ. ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ಮೆಸೇಜ್ ಓದಿ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುವ ಗಿರಾಕಿ. ನಾಲ್ಕು ಜನ ನೋಡುತ್ತಿದ್ದರೆ ಬೈಯೋಕಾದರೂ ಬಾಯಿ ಬಿಡುತ್ತೀಯ.

ಹೋದ ಭಾನುವಾರ ಒಂದು ಮದುವೆಗೆ ಅಂತ ಕೋಲಾರಕ್ಕೆ ಹೋಗಿದ್ದೆ. ಮುಹೂರ್ತ ಮುಗಿದಿತ್ತು, ಎಲೆ ಹಾಕೋದು ಇನ್ನೂ ತಡ. ಬೆಂಗಳೂರಿನ ನೆಂಟರ ಹುಡುಗರಿಬ್ಬರು ಊರು ತೋರಿಸಿ ಅಂಕಲ್ ಅಂದರು. ಗೊತ್ತಲ್ಲ ನನ್ನ ರೋಗ. ಗೈಡ್ ಆಗಿಬಿಟ್ಟೆ. ಗಂಗರ ಕಾಲದಲ್ಲಿ ಇದು ಕುವಲಾಲ ಕಣ್ರೋ ಅಂದೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ತಮಿಳು ಶಾಸನಗಳ ಮುಂದೆ ನಿಂತು, ಓದಲು ಬರುವವನ ಹಾಗೆ ಬೆರಳಾಡಿಸಿದೆ. ಅಮ್ಮನದು ಉಗ್ರ ಮುಖ, ನೇರ ನೋಡಬಾರದು, ಕನ್ನಡಿಯಲ್ಲೇ ನೋಡಬೇಕು ಅಂತ ಹೇಳಿಕೊಟ್ಟೆ. ಹೈದರಾಲಿಯ ಅಪ್ಪ ಫತೇ ಮಹಮ್ಮದನ ಗೋರಿಯೂ ಈ ಊರಿನಲ್ಲೇ ಇದೆ ಅಂದಾಗ ಚಿಕ್ಕವನು ಫೋನಿನಿಂದ ತಲೆ ಎತ್ತಿದ. ಅಷ್ಟು ಸಾಕಾಯಿತು ನನಗೆ. 'ಬನ್ರೋ, ಬೋರ್ಡ್ ಇಲ್ಲದ ಇತಿಹಾಸ ತೋರಿಸುತ್ತೇನೆ' ಅಂತ ದೊಡ್ಡಪೇಟೆಯಿಂದ ನಮ್ಮ ಗಲ್ಲಿಗೆ ತಿರುಗಿದೆ.

ಅದೇ ಅಗಲ. ಎರಡು ಸ್ಕೂಟರ್ ಎದುರಾದರೆ ಒಂದು ಜಗಲಿ ಹತ್ತಬೇಕು. ಆದರೆ ಜಗಲಿಗಳು ಈಗ ಮೂರೇ ಇವೆ. ಒಂದು ಮನೆಯ ಸೂರು ಅರ್ಧ ಕುಸಿದು ಹೊಟ್ಟೆಯೆಲ್ಲ ಆಚೆ ಬಂದಿತ್ತು. ಮದ್ರಾಸ್ ತಾರಸಿ ಒಳಗಡೆ ಹೇಗಿರುತ್ತದೆ ಅಂತ ನಾನೂ ಮೊದಲ ಸಲ ನೋಡಿದ್ದು. ಒತ್ತೊತ್ತಾಗಿ ಮರದ ತೊಲೆಗಳು. ಮೇಲೆ ತೆಳು ಇಟ್ಟಿಗೆಗಳನ್ನು ಮಲಗಿಸದೆ ನಿಲ್ಲಿಸಿ ಜೋಡಿಸಿದ್ದಾರೆ. ಅದರ ಮೇಲೆ ಸುಣ್ಣದ ಗಾರೆ. ಸಿಮೆಂಟ್ ಅನ್ನುವ ಮಾತೇ ಇಲ್ಲ. ಪಕ್ಕದ್ದು ಕಲ್ಲು ಚಪ್ಪಡಿ ಸೂರು. ಊರಿನ ತಲೆದಿಂಬಿಗೇ ಬೆಟ್ಟ ಇಟ್ಟುಕೊಂಡವರು ಇನ್ನೇನು ಹಾಕುತ್ತಾರೆ! ಗೋಡೆಯ ದೀಪದ ಗೂಡಿನಲ್ಲಿ ಯಾರೋ ಮೊಬೈಲ್ ಚಾರ್ಜಿಗಿಟ್ಟಿದ್ದರು. 'ಇಂಥ ಮನೆ ಕೆಡವುವವರಿಗೆ ಮನಸ್ಸಾದರೂ ಹೇಗೆ ಬರುತ್ತೋ' ಅಂತ ಹುಡುಗರಿಗೆ ಭಾಷಣ ಬಿಗಿದೆ. ಹೌದು, ನಾನೇ.

ಆಗ ಮೂಲೆಮನೆ ಅಜ್ಜಿ ಆಚೆ ಬಂದರು. ಇನ್ನೂ ಇದ್ದಾರೆ ಕಣೋ. ಸೊಂಟ ಪೂರ್ತಿ ಬಾಗಿದೆ. 'ಎವುರಪ್ಪಾ ನುವ್ವು? ಎವುರಿಂಟಿಕಿ ವಚ್ಚಿನಾವು?'

ಯಾರ ಮನೆಗೆ ಅಂದರೆ ಏನು ಹೇಳಲಿ? ತೆಲುಗೇ ಬರದವನ ಹಾಗೆ ಕನ್ನಡದಲ್ಲಿ 'ಬೆಂಗಳೂರಿನವರು ಅಜ್ಜಿ, ಸುಮ್ನೆ ನೋಡೋಕೆ ಬಂದ್ವಿ' ಅಂದುಬಿಟ್ಟೆ. ಗಡ್ಡ, ಕನ್ನಡಕ ನನ್ನನ್ನು ಕಾಪಾಡಿದವು.

ಅಜ್ಜಿ ನೀರು ತಂದುಕೊಟ್ಟರು. ಅವರ ಬಾಗಿಲ ಮುಂದೆ ಮೆಟ್ಟಿಲಿಗೆ ಅಂತ ಒಂದು ಕಲ್ಲು ಹಾಸಿದೆ. ಅದರ ಮೇಲೆ ಗೆರೆಗಳು. ಇದೇನು ಅಂತ ಚಿಕ್ಕವನು ಕೇಳಿದ. 'ಚೌಕಾಬಾರ. ಆ ಮನೆಯ ಜಗಲಿ ಕಲ್ಲು ಇದು. ಕೆಡವಿದಾಗ ಎಸೆದಿದ್ದರು, ಎಳೆಸಿಕೊಂಡೆ. ಆ ಮನೆ ಹುಡುಗ, ಇನ್ನೊಬ್ಬ ಕೆಂಪು ಕೆನ್ನೆಯವನು, ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲ' ಅಂದರು. ಆಮೇಲೆ, 'ಮಾರಿದರು. ಮಾರಲಿ ಬಿಡಪ್ಪ, ಎಲ್ಲರಿಗೂ ಕಷ್ಟ ಇರುತ್ತೆ.'

ಬೈದಿದ್ದರೆ ಚೆನ್ನಾಗಿತ್ತು. ಅವರ ಮುಖ ನೋಡೋಕೆ ನನಗೂ ಒಂದು ಕನ್ನಡಿ ಬೇಕಿತ್ತು.

ನೀನು ಹಾಕಿಕೊಂಡ ಆರನೇ ಸಾಲೂ ಹಾಗೇ ಇದೆ, ಕಳ್ಳ.

ಈಗ ಕೇಳು. ಯುಗಾದಿಗೆ ನೀನು 'ನಮ್ಮ ಜಗಲಿ ಹೇಗಿದೆಯೋ' ಅಂತ ಕೇಳಿದೆ. ನಾನೊಂದು ಫೋಟೊ ಕಳಿಸಿದೆ. ನೀನು ಅದನ್ನು ಮಗಳಿಗೆ ತೋರಿಸಿದೆ ಅಂದೆ. ಆ ಫೋಟೊ 2019ರದ್ದು. ನೀನು ಕೇಳುವ ಹೊತ್ತಿಗೆ ಅಲ್ಲಿ ನಾಲ್ಕು ಅಂತಸ್ತು ಎದ್ದು, ಕೆಳಗೆ ಮೊಬೈಲ್ ಕವರ್ ಅಂಗಡಿ ಬಂದಿತ್ತು. ಮನೆ ಮಾರೋದು ಬೇಡ ಅಂದರೆ ಅಣ್ಣ ಒಪ್ಪಲಿಲ್ಲ, ದೊಡ್ಡಪ್ಪನ ಮಕ್ಕಳು ಒಪ್ಪಲಿಲ್ಲ ಅಂತೆಲ್ಲ ಆಗ ನಿನ್ನ ಹತ್ತಿರ ಗೋಳಾಡಿದ್ದೆನಲ್ಲ, ಅದೂ ಸುಳ್ಳು. ಅಣ್ಣ ಎರಡು ದಿನ ಕೊಡು ಅಂದಿದ್ದ. ಮೊದಲು ಸಹಿ ಹಾಕಿದವನು ನಾನು. ಪೆನ್ನು ಕೂಡ ಮನೆಯಿಂದಲೇ ತಗೊಂಡು ಹೋಗಿದ್ದೆ. ಕಷ್ಟ ಅಂತ ಏನೂ ಇರಲಿಲ್ಲ ಕಣೋ. ಫ್ಲ್ಯಾಟಿನ ಸಾಲ ಬೇಗ ತೀರಲಿ ಅಂತ, ಅಷ್ಟೇ. ಆ ಫ್ಲ್ಯಾಟಿನ ಹಾಲಿನಲ್ಲಿ ಒಂದು ಟೀಪಾಯಿ ಇದೆ. ಯಾವುದೋ ಊರಿನ ಯಾರದೋ ಮನೆಯ ಹಳೆ ಬಾಗಿಲಿಗೆ ಗಾಜು ಹಾಕಿ ಮಾಡಿದ್ದು. ಬಂದವರೆಲ್ಲ ಹೊಗಳುತ್ತಾರೆ.

ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ತಾರಸಿ ವಿಷಯ ಬರೆದು ಮುಗಿಸೋಣ ಅಂತ ಕೂತವನು.

ಛತ್ರಕ್ಕೆ ವಾಪಸ್ ಹೋಗುವಷ್ಟರಲ್ಲಿ ಎರಡನೇ ಪಂಕ್ತಿಯೂ ಎದ್ದಿತ್ತು. ಒಬ್ಬಟ್ಟು ಖಾಲಿ. ಅನ್ನ, ತಿಳಿಸಾರು, ಅರ್ಧ ಹಪ್ಪಳ. ನಗು, ನಗು. ಹುಡುಗರು ಮಾತ್ರ ಐಸ್‌ಕ್ರೀಮ್ ಎರಡೆರಡು ಹೊಡೆದು, 'ಅಂಕಲ್ ಸೂಪರ್ ಗೈಡ್' ಅಂತ ಎಲ್ಲರ ಮುಂದೆ ಹೇಳಿಬಿಟ್ಟರು.

ಕಲ್ಲಿನ ಫೋಟೊ ಬೇರೆ ಕಳಿಸಿದ್ದೇನೆ. ಭಾನುವಾರದ್ದೇ, ಆಣೆ. ಮೂಲೆಯಲ್ಲಿ ಅಜ್ಜಿಯ ಹವಾಯಿ ಚಪ್ಪಲಿ ಇದೆ, ಬೇಕಾದರೆ ದೊಡ್ಡದು ಮಾಡಿ ನೋಡಿಕೋ. ಬೈಯೋದಿದ್ದರೆ ಫೋನ್ ಮಾಡಿ ಬೈ, ಇಲ್ಲಿ ಬೈದರೆ ಅತ್ತಿಗೆ ಓದುತ್ತಾರೆ. ನೀಲಿ ಛತ್ರಿ ವಿಷಯ ಮಾತ್ರ ಎತ್ತಬೇಡ. ಅದು ನಾನಲ್ಲ.

ನಿನ್ನ,
ಒಂಬತ್ತೂಕಾಲು