ಪಾಚಿಯ ಕೆಳಗೆ ಸಿಕ್ಕಿದ 40: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಹದಿನೆಂಟು ವರ್ಷದಿಂದ ಪಿಕಪ್ ಓಡಿಸುತ್ತಿದ್ದೇನೆ. ಹೆಚ್ಚಾಗಿ ಅಡಿಕೆ ಬಾಡಿಗೆ, ಇಲ್ಲದ ದಿನ ಗೊಬ್ಬರ, ಸಿಮೆಂಟು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ತಾವೇ ಅಧ್ಯಕ್ಷರಾದ್ದರಿಂದ ಈ ಪತ್ರ ತಮಗೆ.

ಹೋದ ವಾರ ಮಂಡಗದ್ದೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಹಗ್ಗ ಬಿಗಿಯಲು ಗಾಡಿ ನಿಲ್ಲಿಸಿದ್ದೆ. ಪಕ್ಕದಲ್ಲೊಂದು ಕಂಬ, ಮೈತುಂಬ ಹಂಬು. ಅಲ್ಲೊಂದು ಬೋರ್ಡ್ ಇದೆ ಅನ್ನುವುದೇ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕತ್ತಿಯಿಂದ ಹಂಬು ಸವರಿ, ಒಣಗಿದ ಪಾಚಿಯನ್ನು ಗೋಣಿಚೀಲದ ತುಂಡಿನಲ್ಲಿ ಉಜ್ಜಿದೆ. ಮೊದಲು ಕೆಂಪು ಬಳೆ ಕಂಡಿತು, ಆಮೇಲೆ 40. ನಾನು ಆ ತಿರುವನ್ನು ದಿನಾ ಐವತ್ತರಲ್ಲಿ ದಾಟಿದವನು. ದಂಡ ಹಾಕುವುದಾದರೆ ನನ್ನಿಂದಲೇ ಶುರುಮಾಡಿ.

ಗರಿಷ್ಠ ವೇಗ ಗೊತ್ತುಮಾಡಿದ 2018ರ ಏಪ್ರಿಲ್‌ನ ಕೇಂದ್ರದ ಅಧಿಸೂಚನೆಯಲ್ಲಿ, ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ., ನಮ್ಮಂಥ ರಸ್ತೆಯಲ್ಲಿ 70. ಬಸ್ಸು, ಲಾರಿ, ಬೈಕಿಗೆ ಇಲ್ಲಿ 60. ಬೆಂಗಳೂರಿನಿಂದ ತುಮಕೂರಿನವರೆಗೆ ನೂರರಲ್ಲಿ ಬಂದವರ ಕಾಲು ನಮ್ಮ ರಸ್ತೆಯ ಗಾಜನೂರಿನಲ್ಲಿ ತಾನಾಗಿ ಹಗುರಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಎಪ್ಪತ್ತೂ ಇಲ್ಲಿಗೆ ಜಾಸ್ತಿಯೇ. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ 19 ಮೀಟರ್ ಓಡುತ್ತದೆ. ಆಷಾಢದಲ್ಲಿ ಅಷ್ಟು ದೂರವೂ ಕಾಣದ ಬೆಳಗುಗಳಿವೆ. ಮಳೆ ಹೊಳವಾದ ಕೂಡಲೇ ದನಗಳು ಬಂದು ಟಾರಿನ ಮೇಲೆ ಮಲಗುತ್ತವೆ. ಉಳಿದದ್ದೆಲ್ಲ ಕೆಸರು, ಪಾಪ, ಅವು ಇನ್ನೆಲ್ಲಿ ಮಲಗಬೇಕು? ಸಕ್ರೆಬೈಲಿನಲ್ಲಿ ಆನೆ ನೋಡಲು ಬಂದವರು ಕಾರಿನ ಬಾಗಿಲನ್ನು ರಸ್ತೆ ಕಡೆಗೇ ತೆಗೆಯುತ್ತಾರೆ.

ಇನ್ನೊಂದು ಮಾತು. ಅಗಲ ಸಾಲದ ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಅನ್ನುವುದು ನಿಯಮ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಲೋಡ್ ಹೊತ್ತು ಹತ್ತುವಾಗ ಎದುರಿನಿಂದ ಲೈಟ್ ಮಿಣುಕಿಸಿ ‘ನೀನೇ ನಿಲ್ಲು’ ಅನ್ನುವವರೇ ಹೆಚ್ಚು. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎತ್ತುವ ಸಂಕಟ ಕ್ಲಚ್ಚಿಗೇ ಗೊತ್ತು. ಈ ನಿಯಮವನ್ನು ಘಾಟಿಯ ಮೇಲೂ ಕೆಳಗೂ ಕನ್ನಡದಲ್ಲಿ ದೊಡ್ಡದಾಗಿ ಬರೆಸಿದರೆ ಉಪಕಾರವಾದೀತು.

ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಡಿ ರಾಜ್ಯ ಸರ್ಕಾರ, ಅಥವಾ ಅದು ಅಧಿಕಾರ ಕೊಟ್ಟವರು, ಒಂದು ರಸ್ತೆಗೆ ಕಡಿಮೆ ಮಿತಿ ಗೊತ್ತುಮಾಡಿ ಬೋರ್ಡ್ ಹಾಕಿಸಬಹುದು. ಮಳೆಗಾಲಕ್ಕೆ ಆಗುಂಬೆಯಲ್ಲಿ ಭಾರೀ ವಾಹನ ನಿಲ್ಲಿಸುವ ಆದೇಶ ತಮ್ಮ ಕಚೇರಿಯಿಂದ ಹೊರಟಿದ್ದುಂಟು. ಹಾಗೆಯೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ರಸ್ತೆಯ ತಿರುವುಗಳಿಗೂ ಬೇರೆ ಮಿತಿ ಬರಲಿ. ಸವೆದ ನಡುಗೆರೆಗೆ ಬಣ್ಣವೂ ಬೀಳಲಿ. ಗೆರೆಯೇ ಕಾಣದಿದ್ದರೆ ಓವರ್‌ಟೇಕ್ ಮಾಡಬಾರದ ಜಾಗ ಯಾವುದೆಂದು ಹೊಸಬರಿಗೆ ಹೇಗೆ ತಿಳಿಯಬೇಕು?

ಮಳೆಗೆ ಇನ್ನು ಕೆಲವೇ ವಾರ. ಆ ಒಂದು ಬೋರ್ಡ್ ಈಗ ಚೊಕ್ಕವಾಗಿದೆ. ಗೋಣಿಚೀಲ ನನ್ನ ಹತ್ತಿರ ಬೇಕಾದಷ್ಟಿದೆ, ಜತೆಗೆ ಬರುತ್ತೇವೆ ಅನ್ನುವ ಚಾಲಕರೂ ಇದ್ದಾರೆ. ಉಳಿದ ಬೋರ್ಡ್‌ಗಳು ಎಲ್ಲೆಲ್ಲಿ ಹೂತಿವೆ ಅನ್ನುವ ಪಟ್ಟಿ ಮಾತ್ರ ತಾವು ಕೊಡಿಸಬೇಕು.

ಇಂತಿ,
ಮಂಡಗದ್ದೆ ಕಡೆಯ ಒಬ್ಬ ಪಿಕಪ್ ಚಾಲಕ